ಮೌನದ ಸ್ವಾಮಿಗಳಿಗೆ ಏಳನೇ ಹೋಳಿಗೆ

ನಮ್ಮೂರ ಕಡೆಯ ಮಠದ ಸ್ವಾಮಿಗಳು ಹೋದ ಶ್ರಾವಣದಲ್ಲಿ ವಿಜಯನಗರದ ನಮ್ಮನೆಗೆ ಪಾದಪೂಜೆಗೆ ಬಂದಿದ್ದರು. ಅವತ್ತು ಸೋಮವಾರ, ಅವರಿಗೆ ಮೌನವ್ರತ. ಜೊತೆಗೆ, ತಟ್ಟೆಗೆ ಬಿದ್ದದ್ದನ್ನು ಒಂದಗುಳೂ ಬಿಡಬಾರದು ಅನ್ನೋದು ಮಠದ ನಿಯಮ. ಅಮ್ಮನಿಗೂ ಒಂದು ನಿಯಮವಿದೆ: ಉಣ್ಣುವವರು ಬಾಯಿಬಿಟ್ಟು "ಸಾಕು" ಅನ್ನುವ ತನಕ ಬಡಿಸುವುದು.

ಎರಡು ಹೋಳಿಗೆ ಆದಮೇಲೆ ಸ್ವಾಮಿಗಳು ತಟ್ಟೆಗೆ ಕೈ ಅಡ್ಡ ಹಿಡಿದರು. "ಸಂಕೋಚ ಪಟ್ಕೋಬೇಡಿ ಬುದ್ದಿ" ಅಂತ ಅಮ್ಮ ಆ ಕೈ ಕೆಳಗೇ ಮೂರನೆಯದನ್ನು ಜಾರಿಸಿ ತುಪ್ಪ ಸುರಿದಳು. ಅವರು ಜೋರಾಗಿ ತಲೆ ಅಲ್ಲಾಡಿಸಿದರು. ನಾಲ್ಕನೆಯದು ಬಿತ್ತು.

ಸ್ವಾಮಿಗಳ ಊಟ ಮುಗಿಯದೆ ಮನೆಯವರು ಯಾರೂ ಉಣ್ಣುವಂತಿಲ್ಲ. ಹಸಿವಿಗೆ ನನ್ನ ಪಿತ್ತ ನೆತ್ತಿಗೇರಿತ್ತು. "ಅವರು ಇವತ್ತು ಮಾತಾಡಲ್ಲ ಕಣಮ್ಮ, ಬಿಟ್ಬಿಡು" ಅಂದೆ.

"ನೀನ್ ಸುಮ್ನಿರು. ಮಠದಲ್ಲಿ ಅವರಿಗೆ ಹಿಂಗೆ ಯಾರು ಮಾಡಿ ಹಾಕ್ತಾರೆ?"

ಆರನೆಯದಕ್ಕೆ ಸ್ವಾಮಿಗಳ ಹಣೆಯ ವಿಭೂತಿ ಬೆವರಿಗೆ ಕರಗಿತು. ಅಮ್ಮನ ಕೈಯಲ್ಲಿ ಏಳನೆಯದು ಕಂಡದ್ದೇ ತಡ, "ಸಾಕು ತಾಯೀ!" ಅಂತ ಕೂಗಿಯೇಬಿಟ್ಟರು.

ಅಮ್ಮನ ಕಣ್ಣು ತುಂಬಿ ಬಂತು. "ಬುದ್ದಿಯವರು ನಮ್ಮನೇಲಿ ಮಾತಾಡಿದ್ರು ಕಣೋ!" ಅಂದವಳೇ, ಆ ಖುಷಿಗೆ ಏಳನೆಯದನ್ನೂ ಬಡಿಸಿದಳು.