ಬಾವಿಯೊಳಗಿನ ಎಲುಬಿನ ವಯಸ್ಸು

ನಾನು ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲನೆಯಾಕೆ ಒಂದು ಮಧ್ಯಾಹ್ನ ತವರಿಗೆಂದು ಬಸ್ಸಿಗೆ ಹೋದವಳು ತವರು ಮುಟ್ಟಲೇ ಇಲ್ಲವಂತೆ. ಅವಳ ತವರು ಕಾಗವಾಡದ ಕಡೆ, ನಮ್ಮದು ರಾಯಬಾಗ ತಾಲೂಕಿನ ಹಳ್ಳಿ, ನಡುವೆ ಇರುವುದು ಮೂರು ತಾಸಿನ ಹಾದಿ. ಅಷ್ಟರೊಳಗೆ ಹೆಂಗಸೊಬ್ಬಳು ಕಳೆದುಹೋಗುವುದು ಹೇಗೆ ಎಂದು ನಿಪ್ಪಾಣಿಯಲ್ಲಿದ್ದ ನನ್ನ ಅಪ್ಪ ಕೇಳಲಿಲ್ಲ. ನನ್ನ ಹಿಂದೆ ಇನ್ನೂ ಮೂವರು ಹೆಣ್ಣುಮಕ್ಕಳಿದ್ದರು. ಅಂಥ ಅಪ್ಪಂದಿರಿಗೆ ಯಾವ ಪ್ರಶ್ನೆ ಕೇಳಬಾರದೆಂದು ಚೆನ್ನಾಗಿ ಗೊತ್ತಿರುತ್ತದೆ. "ಓಡಿ ಹೋಗ್ಯಾಳ" ಎಂದರು, ನಾವು ನಂಬಿದೆವು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಅವಳು ಹೋಗಿ ಆರು ವರ್ಷ, ನಾನು ಬಂದು ಎರಡು ವರ್ಷ ಆಗಿತ್ತು. ಹೊಲದ ಮೂಲೆಯಲ್ಲಿ, ಮೊದಲು ತಿಪ್ಪೆಯಿದ್ದ ಜಾಗಕ್ಕೆ ಹತ್ತಿಕೊಂಡು, ದ್ರಾಕ್ಷಿಗೆಂದು ಹೊಸ ಬಾವಿ ತೋಡಿಸುತ್ತಿದ್ದರು. ಅಡ್ಡ ಮಳೆ ಬಂದು ಬಾವಿಯ ಒಂದು ಬದಿ ಕುಸಿಯಿತು. ಮರುದಿನ ಕುಸಿದ ಮಣ್ಣು ಎತ್ತುವಾಗ ಬುಟ್ಟಿಯಲ್ಲಿ ಒಂದು ಎಲುಬು ಬಂತು. ಮೊಣಕೈಯಿಂದ ಅಂಗೈವರೆಗಿನ ಉದ್ದ, ಎರಡೂ ತುದಿ ಮುರಿದಿತ್ತು. ಅದು ಮೇಲಿನ ಮಣ್ಣಿನದೋ, ತಳದ್ದೋ ಯಾರಿಗೂ ಗೊತ್ತಿಲ್ಲ, ಎಲ್ಲವೂ ಕಲಸಿ ಬಿದ್ದಿತ್ತು.

ಎಲುಬು ಕಂಡು ಹೆದರುವ ಜನ ನಾವಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಕುಣಿ ತೋಡಿ, ಕುಳ್ಳಿರಿಸಿ, ಸುತ್ತ ವಿಭೂತಿ ಗಟ್ಟಿ ಇಟ್ಟು ಹೂಳುತ್ತಾರೆ. ಆದರೆ ಹಿರಿಯರ ಕುಣಿಗಳೆಲ್ಲ ಇದ್ದದ್ದು ಹೊಲದ ಇನ್ನೊಂದು ತುದಿಗೆ. ತಿಪ್ಪೆಯ ಪಕ್ಕದಲ್ಲಿ ಯಾರೂ ಯಾರನ್ನೂ ಹೂಳುವುದಿಲ್ಲ. ಅದಕ್ಕಿಂತ ಕೆಟ್ಟ ಸಂಗತಿ ಎಂದರೆ, ಆ ಎಲುಬಿಗೆ ಬೆಳ್ಳನೆಯ ಗಟ್ಟಿಗಳು ಮೆತ್ತಿಕೊಂಡಿದ್ದವು. ತೋಡುತ್ತಿದ್ದವನೊಬ್ಬ ಒಂದನ್ನು ಮುಟ್ಟಿ, ಬೆರಳಿಗೆ ಹತ್ತಿದ ಬಿಳಿಯನ್ನು ನೋಡಿ, "ವಿಭೂತಿರೀ ಇದು" ಎಂದ.

ವಿಭೂತಿ ಇಟ್ಟಿದ್ದಾರೆ ಎಂದರೆ ಮನುಷ್ಯರದ್ದೇ, ನಮ್ಮವರದ್ದೇ. ಕದ್ದು ಹೂಳುವಾಗಲೂ ವಿಭೂತಿ ಇಡದೆ ಬಿಡಲು ಕೈ ಬಂದಿಲ್ಲವೆಂದರೆ ಅದು ಹೊರಗಿನವರ ಕೆಲಸವಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ, ಚಹಾದ ಕಿಟ್ಲಿ ಹಿಡಿದು ನಿಂತಲ್ಲೇ ನಾನೇ ಲೆಕ್ಕ ಹಾಕಿದೆ. ಆಗಲೇ ಅತ್ತೆ ನನ್ನ ಗಂಡನ ಕಿವಿಯ ಹತ್ತಿರ ಬಾಗಿ ಕೇಳಿದ್ದು ನನಗೆ ಕೇಳಿಸಿತು.

"ವಿಭೂತಿ ನೀ ಇಟ್ಟಿಯೇನೋ?"

ಗಂಡ ಹೋಗಿ ಬೇವಿನ ಮರದ ಕೆಳಗೆ ಕುಳಿತರು. ಹೆತ್ತವಳೇ ಮಗನನ್ನು ಹಾಗೆ ಕೇಳಿದ ಮೇಲೆ ನಾನು ಯಾರನ್ನು ಕೇಳಲಿ? ಕಿಟ್ಲಿಯ ಚಹಾ ಕಾಲಮೇಲೆ ಚೆಲ್ಲಿದ್ದು ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ.

ರಾಯಬಾಗ ಠಾಣೆಯಿಂದ ಫೌಜದಾರ ಬಂದು ಎಲುಬನ್ನು ಗೋಣಿಚೀಲದಲ್ಲಿ ಕಟ್ಟಿಸಿ, ಬಾವಿಯ ದಂಡೆಯಲ್ಲಿ ಪೊಲೀಸನೊಬ್ಬನನ್ನು ಅದರ ಕಾವಲಿಗೆ ಕೂರಿಸಿದ. ದೊಡ್ಡ ಡಾಕ್ಟರು ನೋಡುವವರೆಗೆ ಗಂಡ ಊರು ಬಿಡಬಾರದೆಂದು ತಾಕೀತಾಯಿತು. ಆ ಮೂರು ದಿನ ನಾನು ಬದುಕಿದ್ದು ಹೇಗೆಂದು ಈಗಲೂ ತಿಳಿಯದು. ಅವರು ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಕೈ ನೋಡುತ್ತಿದ್ದೆ. ಕುಡಗೋಲನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಸಿಟ್ಟಿನಲ್ಲಿ ಒಮ್ಮೆಯೂ ಕೈ ಎತ್ತದ ಗಂಡನ ಬಗ್ಗೆ ಹೀಗೆ ಹೆದರುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಮೊದಲನೆಯಾಕೆಯ ಮೇಲೂ ಎಂದೂ ಕೈ ಎತ್ತಿರಲಿಲ್ಲ ಎಂದು ಓಣಿಯವರೇ ಹೇಳುತ್ತಿದ್ದರು. ಅದು ನೆನಪಾದರೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ಎರಡನೆಯ ದಿನ ಮೊದಲನೆಯಾಕೆಯ ತಾಯಿ ಬಂದಳು. ಕೈಚೀಲದಲ್ಲಿ ಹೊಸ ಹಸಿರು ಸೀರೆ, ಬಳೆ, ವಿಭೂತಿ. ಯಾರನ್ನೂ ಬೈಯಲಿಲ್ಲ, ಮನೆಯ ನೀರು ಕೂಡ ಮುಟ್ಟಲಿಲ್ಲ. ಬಾವಿಯ ದಂಡೆಯಲ್ಲಿ ಕುಳಿತು, "ಮಣ್ಣು ಮಾಡಿ ಹೋಗ್ತೀನಿ, ಅಷ್ಟಽ" ಎಂದಳು.

ಮೂರನೆಯ ದಿನ ಡಾಕ್ಟರಿಗಿಂತ ಮೊದಲು ಬಂದವರು, ಬಾವಿಗೆ ನೀರಿನ ಜಾಗ ತೋರಿಸಿದ್ದ ಭೂಗರ್ಭ ಇಲಾಖೆಯ ಸಾಹೇಬರು. ಬಾವಿ ಎಷ್ಟು ಇಳಿದಿದೆ ನೋಡಲು ಮೋಟರ್‌ಸೈಕಲ್ ಮೇಲೆ ಬಂದಿದ್ದರು. ಊರೆಲ್ಲ ಅಲ್ಲಿ ನೆರೆದದ್ದು ಕಂಡು ಗಾಬರಿಯಾದರು. ಪೊಲೀಸನ ಒಪ್ಪಿಗೆ ಪಡೆದು ಗೋಣಿಚೀಲ ಬಿಚ್ಚಿದರು. ಎಲುಬನ್ನು ಕೈಯಲ್ಲಿ ತೂಗಿದರು, ಸುತ್ತಿಗೆಯ ತುದಿಯಿಂದ ಬಡಿದು ಕಿವಿಗೊಟ್ಟರು. ಆಮೇಲೆ ನಾಲಗೆ ಚಾಚಿ ಅದನ್ನು ನೆಕ್ಕಿದರು.

"ಏ ಭಾಡ್ಯಾ! ನನ್ನ ಮಗಳನ್ನ ನೆಕ್ಕತೀ?" ಮುದುಕಿ ಎದ್ದು ಅವರ ಕೈಗೆ ಬಡಿದೇಬಿಟ್ಟಳು.

ಸಾಹೇಬರು ಕೆನ್ನೆ ಕೆನ್ನೆ ಬಡಿದುಕೊಂಡರು. "ತಪ್ಪಾತು ಯವ್ವಾ. ನಮ್ಮ ಕೆಲಸದಾಗ ಹಿಂಗ ನೋಡೂದು ರೂಢಿ. ಹಳೇ ಎಲುಬು ನಾಲಿಗಿಗೆ ಅಂಟತೈತಿ." ಆಮೇಲೆ ಒಂದು ಚೂರು ಕೆತ್ತಿ ಕಡ್ಡಿ ಗೀರಿ ಹಿಡಿದರು. "ಆರು ವರ್ಷದ ಎಲುಬಾಗಿದ್ರ ಕೂದಲಾ ಸುಟ್ಟಂಗ ನಾರತಿತ್ತು. ಮೂಸಿ ನೋಡ್ರಿ." ಪೊಲೀಸ ಮೂಸಿದ, ಏನೂ ವಾಸನೆಯಿಲ್ಲ ಎಂದ. ನನಗೆ ಅಷ್ಟರಿಂದ ಧೈರ್ಯ ಬರಲಿಲ್ಲ.

ಅವರು ಬಾವಿಗೆ ಇಳಿದು, ಕುಸಿಯದ ಬದಿಯನ್ನು ಕೆರೆಯುತ್ತ ಹೋದರು. ಮೇಲೆ ಎರೆಮಣ್ಣು, ಅದರ ಕೆಳಗೆ ಹಳದಿ ಮಣ್ಣು, ಅದರ ಕೆಳಗೆ ಉಸುಕು ಹರಳು. ಆ ಹರಳಿನ ಪದರದಲ್ಲಿ ಅಂಥವೇ ಬಿಳಿ ಗಟ್ಟಿಗಳು ಸಾಲುಹಿಡಿದು ಕುಳಿತಿದ್ದವು. ಎಲುಬಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹರಳೂ ಆ ಪದರದ್ದೇ ಎಂದು ತೋರಿಸಿದರು.

"ಇದು ವಿಭೂತಿ ಅಲ್ರಿ, ಸುಣ್ಣ. ನೀರಿನಾಗಿನ ಸುಣ್ಣ ಮಣ್ಣಾಗ ಹನಿ ಹನಿ ಕೂಡಿ ಗಟ್ಟಿ ಆಗತೈತಿ. ಇಷ್ಟ ದಪ್ಪ ಆಗಬೇಕಂದ್ರ ಸಾವಿರಗಟ್ಟಲೆ ವರ್ಷ ಹಿಡೀತೈತಿ. ಇನ್ನ ಮ್ಯಾಲಿನ ಪದರ ನೋಡ್ರಿ, ಎಲ್ಲೂ ಕಡದಿಲ್ಲ. ಕೌದಿ ಕತ್ತರಿಸಿ ಹೊಲಿದ್ರ ಹೊಲಿಗಿ ಕಾಣತೈತಿಲ್ಲೋ? ಕುಣಿ ತೋಡಿದ್ರ ಹಂಗಽ ಕಾಣತಿತ್ತು. ಇದು ಜಿಂಕಿ ಜಾತೀದು, ಹೊಳಿ ಈ ಕಡೆ ಹರಿಯೂ ಕಾಲದ್ದು."

ನಂತರ ಡಾಕ್ಟರೂ ಮನುಷ್ಯರದಲ್ಲ ಎಂದು ಬರೆದುಕೊಟ್ಟರು. ಸಾಹೇಬರು ಆ ಪದರದ ಬಸವನಹುಳುವಿನ ಚಿಪ್ಪುಗಳನ್ನು ಹೊತ್ತೊಯ್ದಿದ್ದರು, ಎಷ್ಟೋ ತಿಂಗಳ ಮೇಲೆ ಅವರ ಪತ್ರ ಬಂತು. ಜೀವ ಇರುವವರೆಗೆ ಮೈಯೊಳಗೆ ಬಂದು ಸೇರುವ ಒಂದು ಬಗೆಯ ಇಂಗಾಲ, ಸತ್ತ ಮೇಲೆ ಕರಗುತ್ತ ಹೋಗಿ ಐದು ಸಾವಿರ ಚಿಲ್ಲರೆ ವರ್ಷಕ್ಕೆ ಅರ್ಧವಾಗುತ್ತದಂತೆ. ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗುತ್ತದಂತೆ. ನಮ್ಮ ಚಿಪ್ಪುಗಳದ್ದು ಹತ್ತಾರು ಸಾವಿರ ವರ್ಷ. ಬಾವಿಯ ತಳದ ಕರಿಕಲ್ಲಿಗೆ ಬೇರೆಯೇ ವಿಧಾನ, ಅದು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಬೆಂಕಿಯ ಕಲ್ಲಂತೆ. ನಾನು ಆ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೆ.

ಆದರೆ ಆ ದಿನ ಬಾವಿಯ ದಂಡೆಯಲ್ಲಿ ನನಗೆ ಕೇಳಿಸಿದ್ದು ಜಿಂಕೆ ಎಂಬ ಮಾತೊಂದೇ. ಖುಷಿಗೆ ನಕ್ಕುಬಿಟ್ಟೆ. ಅತ್ತೆ ಅಲ್ಲೇ ಕುಸಿದು ಕುಳಿತು ದೇವರಿಗೆ ಕೈಮುಗಿದರು. ನಗದಿದ್ದವಳು ಮುದುಕಿ ಒಬ್ಬಳೇ. ಹಸಿರು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ಅಂದ್ರ ಆಕಿ ಇನ್ನೂ ಕೆಳಗ ಅದಾಳೇನ್ರಿ? ಇನ್ನಷ್ಟು ತೋಡಸ್ರಿ."

"ಕೆಳಗ ಹ್ವಾದಷ್ಟೂ ಹಳೇದಽ ಸಿಗತೈತಿ ಯವ್ವಾ," ಎಂದರು ಸಾಹೇಬರು, ಅವಳ ಎದುರು ಕುಕ್ಕರುಗಾಲಿನಲ್ಲಿ ಕುಳಿತು. "ಆರು ವರ್ಷದ್ದು ಏನರ ಇದ್ರ ಮ್ಯಾಲಽ ಇರತೈತಿ."

ಪಾಪ, ಅವರು ಸಮಾಧಾನಕ್ಕೆ ಹೇಳಿದ್ದರು. ಮುದುಕಿ ತಲೆಯೆತ್ತಿ ನಮ್ಮ ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ನಾನೂ ನೋಡಿದೆ. ನನ್ನ ನಗು ಅಲ್ಲಿಗೇ ನಿಂತಿತು. ಅವಳು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು.

ಮಳೆಗೆ ಮುಂಚೆ ಹೊಲ ಉಳಲು ಗಂಡ ರಂಟೆ ಹೂಡಿದರು. ಕಸ ಆರಿಸುವ ನೆಪ ಮಾಡಿ ನಾನು ಸಾಲಿನ ಹಿಂದೆಯೇ ನಡೆದೆ. ಹೆಂಟೆ ಹೊರಳಿದಾಗಲೆಲ್ಲ ಬಾಗಿ ನೋಡುತ್ತಿದ್ದೆ. ತಿಪ್ಪೆಯಿದ್ದ ಮೂಲೆ ಬಂದಾಗ ಅವರು ಎತ್ತು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನೀನೂ ಹುಡುಕಾಕತ್ತಿ?"

ಸುತ್ತ ಒಬ್ಬರೂ ಇಲ್ಲ.

"ಆಕಿ ಹ್ವಾದ ದಿನ ನಾ ಕಬ್ಬಿನ ಗಾಡಿ ಹೊಡಕೊಂಡು ಫ್ಯಾಕ್ಟರಿಗೆ ಹೋಗಿದ್ದೆ. ಪಾಳೇಕ ಮೂರು ದಿನ ನಿಂತಿದ್ದೆ," ಎಂದರು, ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟು. "ಮನ್ಯಾಗ ಅವ್ವ ಒಬ್ಬಾಕಿನಽ ಇದ್ಲು. ಬಾವಿ ಕಡೆ ಅವ್ವ ನನ್ನ ಕೇಳಿದ್ಲು, ವಿಭೂತಿ ನೀ ಇಟ್ಟಿಯೇನು ಅಂತ. ಹೂಳಿದ್ದು ಯಾರು ಅಂತ ಕೇಳಲಿಲ್ಲ. ಆಕಿನ್ನ ಕೇಳಾಕ ನನಗ ಧೈರ್ಯ ಇಲ್ಲ. ಆರು ವರ್ಷ ಆತು, ಸಾಲು ನೋಡ್ಕೋತನಽ ರಂಟಿ ಹೊಡೀತೇನಿ."

ಅಷ್ಟರಲ್ಲಿ ಅತ್ತೆ ತಲೆಯ ಮೇಲೆ ಬುತ್ತಿ ಹೊತ್ತು ಬದುವಿನ ಮೇಲೆ ಬರುವುದು ಕಂಡಿತು. ಗಂಡ ಎತ್ತುಗಳನ್ನು ಹೊಡೆದರು, ನಾನು ಸೆರಗು ಬಿಗಿದು ಹಿಂದೆ ಹೊರಟೆ. ಅತ್ತೆ ಬಂದು ಮುಟ್ಟುವುದರೊಳಗೆ ನಾವು ಆ ಮೂಲೆ ಮುಗಿಸಬೇಕಿತ್ತು.