ಗೋಧಿ ಒಗ್ಗದವಳು

ವಾಡಿಯ ನಮ್ಮ ಮನೆಯಲ್ಲಿ ಚಪಾತಿ ದಿನದ ಊಟವಾದದ್ದು ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ. ಅನ್ನ ಬಿಡ್ರಿ, ಚಪಾತಿ ತಿನ್ರಿ ಅಂತ ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ನಾವು ಅನ್ನ, ಜೋಳದ ರೊಟ್ಟಿ ತಿಂದವರು. ಒಂದೇ ಮನೆಯಲ್ಲಿ ಎರಡು ಹಿಟ್ಟು ನಾದುವುದು ಯಾಕೆಂದು ನಾನೂ ಮಗಳೂ ಚಪಾತಿಗೇ ಹೊಂದಿಕೊಂಡೆವು.

ನನಗೆ ಥೈರಾಯ್ಡ್ ಮೊದಲೇ ಇತ್ತು. ಆಮೇಲೆ ಹೊಟ್ಟೆ ಉಬ್ಬರ, ಭೇದಿ, ಬಾಯಿಹುಣ್ಣು ಶುರುವಾದವು. ಶಾಲೆಯಲ್ಲಿ ಪಾಠ ಹೇಳುತ್ತಾ ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಶಹಾಬಾದಿನ ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದರು. ಮೊಣಕೈಯ ತುರಿಗುಳ್ಳೆಗೆ ಇನ್ನೊಬ್ಬರು ಮುಲಾಮು ಕೊಟ್ಟರು. ಸೊಂಟದ ನೋವು ವಯಸ್ಸಿನದು ಅಂದರು ಮತ್ತೊಬ್ಬರು. ಇವೆಲ್ಲ ಒಂದೇ ಮೈಯ ನೋವು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನೌಕರಿ ಮಾಡುವ ಹೆಂಗಸರಿಗೆ ಮನೆಗೆಲಸ ತಪ್ಪಿಸಲು ಏನಾದರೂ ನೆಪ ಬೇಕು ಎಂದು ಗಂಡನ ಅಕ್ಕ ಆಡಿಕೊಂಡಳು.

ಕೊನೆಗೆ ಕಲಬುರಗಿಯಲ್ಲಿ ಹೊಟ್ಟೆಯ ಡಾಕ್ಟರೊಬ್ಬರು ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿದರು. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟು ನನ್ನ ಕರುಳನ್ನು ಕೆಡಿಸಿತ್ತು. ಅದರಿಂದ ಕಬ್ಬಿಣ ಮೈಗೆ ಹತ್ತಿರಲಿಲ್ಲ, ಮೂಳೆ ಸವೆದಿತ್ತು, ಗುಳ್ಳೆಗಳೂ ಅದರವೇ. ಥೈರಾಯ್ಡ್ ಇರುವವರಲ್ಲಿ ಇದು ಕಾಣಿಸುವುದು ಹೆಚ್ಚಂತೆ. ನಾನು ಏಳುವಾಗ ಅವರು ಹೇಳಿದರು:

"ಇದು ಮನೆತನದಾಗ ಹರಿದು ಬರಬಹುದ್ರಿ. ಮಗಳದೂ ಒಂದ್ಸಲ ಪರೀಕ್ಷೆ ಮಾಡಸ್ರಿ."

ನಾನು ಗೋಧಿ ಬಿಟ್ಟು ರೊಟ್ಟಿಗೆ ಮರಳಿದೆ. ನಿಧಾನಕ್ಕೆ ಚೇತರಿಸಿಕೊಂಡೆ. ಆದರೆ ಮಗಳನ್ನು ಕರೆದೊಯ್ಯುತ್ತೇನೆ ಅಂದಾಗ ಗಂಡ ಒಪ್ಪಲಿಲ್ಲ. ಸೇಡಂನಿಂದ ಹುಡುಗನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

"ಬ್ಯಾನಿ ಅದ ಅಂತ ಗೊತ್ತಾದ್ರ ಆಕಿನ್ನ ಯಾರು ಮಾಡ್ಕೋತಾರ?"

"ಗೊತ್ತಾಗಲಿಲ್ಲಂದ್ರ ಬ್ಯಾನಿ ಹೋಗ್ತದೇನ್ರಿ?" ಅಂದೆ.

ಮದುವೆ ಆಗಲಿ, ಆಮೇಲೆ ನೋಡೋಣ ಎಂದು ಮಗಳೂ ಅಪ್ಪನ ಕಡೆಯೇ ವಾಲಿದಳು.

ಹುಡುಗನ ಕಡೆಯವರು ಬಂದ ದಿನ ನಾನೇ ಗೋಧಿ ಹಿಟ್ಟಿನ ಹೋಳಿಗೆ ಮಾಡಿದೆ. ಹುಡುಗನ ತಾಯಿ ನೀವೂ ತಿನ್ರಿ ಎಂದು ನನ್ನ ತಟ್ಟೆಗೂ ಒಂದು ಹಾಕಿದಳು. ಪಕ್ಕದಲ್ಲಿದ್ದ ಗಂಡನ ಅಕ್ಕ ನನ್ನ ತೊಡೆ ಒತ್ತಿದಳು. ಎಲ್ಲರೂ ನೋಡುತ್ತಿದ್ದರು. ತಿಂದೆ. ಮರುದಿನ ನಾನು ಹೊಟ್ಟೆ ಹಿಡಿದುಕೊಂಡು ಮಲಗಿದ್ದರೆ, ಸಂಬಂಧ ಕೂಡಿತೆಂದು ಹೊರಗೆ ಪೇಢೆ ಹಂಚುತ್ತಿದ್ದರು.

ಮಗಳಿಗೆ ಈಗ ಬಸಿರು ನಿಲ್ಲುತ್ತಿಲ್ಲ. ರಕ್ತ ಕಡಿಮೆ ಎಂದು ಗುಳಿಗೆ ನುಂಗುತ್ತಾಳೆ. ಈಚೆಗೆ ಸೇಡಂಗೆ ಹೋದಾಗ ಅಳಿಯನನ್ನು ಕೂಡಿಸಿಕೊಂಡು ನನ್ನ ಕಾಯಿಲೆಯ ಕತೆಯನ್ನೆಲ್ಲ ಹೇಳಿದೆ. ಇದೇ ಕಾರಣವೋ ಅಲ್ಲವೋ ನಾನರಿಯೆ, ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ ಅಂದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಅವನು ಕೇಳಿದ್ದು ಒಂದೇ:

"ಅತ್ತೀ, ಲಗ್ನದ ಮೊದಲ ನಿಮಗ ಇದು ಗೊತ್ತಿತ್ತೇನ್ರಿ?"

ಹೌದು ಅಂದೆ. ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಪರೀಕ್ಷೆ ಇನ್ನೂ ಆಗಿಲ್ಲ. ಆ ಮಾತು ಮತ್ತೆ ಎತ್ತಬೇಡ ಎಂದು ಮಗಳೇ ಫೋನಿನಲ್ಲಿ ಹೇಳುತ್ತಾಳೆ.