ಒಂದು ಮೊಳ ಕಡಿಮೆ ಬಿದ್ದ ಸರ್ವಿಸ್ ವೈರು

ಎರಡು ವೈರು ಹೊಸೆದು ಮೇಲೆ ಕರಿ ಟೇಪು ಸುತ್ತುವುದರಲ್ಲಿ ನಾನು ನಿಸ್ಸೀಮ ಎಂಬ ಜಂಬ ಮೊನ್ನೆಯವರೆಗೂ ನನಗಿತ್ತು. ಚಿಂತಾಮಣಿಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವನಿಗೆ ಅರ್ಧ ವಿಜ್ಞಾನವಾದರೂ ಬಂದಿರಲೇಬೇಕು ಎಂಬುದು ನನ್ನ ವಾದ.

ನಮ್ಮ ಮನೆಯ ಮೀಟರು ಈಶಾನ್ಯದಲ್ಲಿತ್ತು. ಅದು ಆಗ್ನೇಯದಲ್ಲೇ ಇರಬೇಕೆಂದು ವಾಸ್ತು ಬಲ್ಲ ಭಾವಮೈದ ಹಠ ಹಿಡಿದ. ಅರ್ಜಿ ಕೊಟ್ಟೆವು, ಒಪ್ಪಿಗೆ ಬಂತು. ಲೈನ್‌ಮನ್ ಕಂಬದಲ್ಲಿ ಕರೆಂಟು ತೆಗೆದ. ಎಲೆಕ್ಟ್ರಿಷಿಯನ್ ಬಾಬಾಜಾನ್ ಮೀಟರನ್ನು ಹೊಸ ಜಾಗದಲ್ಲಿ ಕೂರಿಸಿದ. ಆದರೆ ಕಂಬಕ್ಕೆ ಯಾರೂ ವಾಸ್ತು ಹೇಳಿರಲಿಲ್ಲವಲ್ಲ! ಅದು ನಿಂತಲ್ಲೇ ನಿಂತಿತ್ತು. ಅಲ್ಲಿಂದ ಮೀಟರಿಗೆ ಬರುವ ಸರ್ವಿಸ್ ವೈರು ಸರಿಯಾಗಿ ಒಂದು ಮೊಳ ಕಡಿಮೆ ಬಿತ್ತು.

ಅಂದೇ ಸಂಜೆ ಐದಕ್ಕೆ ಮದುವೆ ಹುಡುಗಿಯೊಬ್ಬಳು ಬ್ಲೌಸಿಗೆ ಬರುವವಳಿದ್ದಳು. ನನ್ನ ಹೆಂಡತಿ ಹೊಲಿಯುವುದು ಮೋಟಾರು ಮೆಷಿನ್ನಿನಲ್ಲಿ. ಇನ್ನೂ ಒಂದು ತೋಳು ಬಾಕಿ.

"ಅಷ್ಟರಲ್ಲಿ ಕರೆಂಟ್ ಬರ್ಲಿಲ್ಲ ಅಂದ್ರೆ ನನ್ನ ಮಾನ ಹೋಗುತ್ತೆ ಕಣ್ರೀ," ಎಂದು ಹೇಳಿ ಅವಳು ಒಳಗೆ ಹೋದಳು.

ನಾನು ಅಟ್ಟ ಹತ್ತಿ ಹಳೆಯ ತಾಮ್ರದ ವೈರಿನ ತುಂಡು ತಂದೆ. "ಇದನ್ನ ಸುತ್ತಿಬಿಡಪ್ಪ, ಐದು ನಿಮಿಷದ ಕೆಲಸ."

ಬಾಬಾಜಾನ್ ನಕ್ಕ. "ಅಯ್ಯೋ ಸಾರ್, ಕಂಬದಿಂದ ಬರೋ ವೈರು ಅಲ್ಯೂಮಿನಿಯಂ. ಇದಕ್ಕೆ ತಾಮ್ರ ಸುತ್ತಿದ್ರೆ ಬಿಸಿಯಾಗಿ ಸುಟ್ಟೋಗುತ್ತೆ. ಜಾಯಿಂಟು ಗಾಳೀಲಿ ತೂಗಾಡಲೂಬಾರ್ದು. ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."

ನಿಂತೆ. ಅಬ್ಬಾ, ಆ ಕೆಲಸದ ಚೆಂದವೇ! ಅದೇ ದಪ್ಪದ ಅಲ್ಯೂಮಿನಿಯಂ ವೈರು ತಂದ. ತುದಿಗಳನ್ನು ಫಳಫಳ ಹೊಳೆಯುವಂತೆ ಉಜ್ಜಿದ. ಎರಡನ್ನೂ ಲೋಹದ ಸಣ್ಣ ಕೊಳವೆಯೊಳಗೆ ಎದುರುಬದುರು ತೂರಿಸಿ, ಉದ್ದ ಹಿಡಿಯ ಇಕ್ಕಳದಿಂದ ಒತ್ತಿದ. ಜಗ್ಗಿ ಎಳೆದೂ ನೋಡಿದ. ಗಂಡು ಹೆಣ್ಣು ಕೂಡಿಸುವಾಗ ನಾವು ಜಾತಕ ನೋಡುತ್ತೇವೆಯೇ ಹೊರತು ಹೀಗೆ ಎಳೆದು ಯಾರು ನೋಡುತ್ತಾರೆ? ಆಮೇಲೆ ಟೇಪು ಸುತ್ತಿ, ಗೋಡೆಯ ಮೇಲಿನ ಡಬ್ಬಿಯೊಳಗೆ ಜಾಯಿಂಟನ್ನು ಭದ್ರಮಾಡಿದ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಲೈನ್‌ಮನ್ ಮತ್ತೆ ಕಂಬ ಹತ್ತಿದ. ಮೀಟರಿನ ಕೆಂಪು ದೀಪ ಮಿನುಗಿತು! "ಬಂತು ಕಣೇ, ಬಂತು!" ಎಂದು ಕೂಗುತ್ತಾ ಒಳಗೆ ಓಡಿದೆ.

ಹುಡುಗಿ ಆಗಲೇ ಬಂದು ಕೂತಿದ್ದಳು. ನನ್ನವಳು ಮೋಟಾರು ಕಳಚಿ, ಮೆಷಿನ್ನಿಗೆ ಹಳೆಯ ಬೆಲ್ಟು ಏರಿಸಿ, ಕಾಲಲ್ಲೇ ತುಳಿದು ತೋಳು ಮುಗಿಸಿಬಿಟ್ಟಿದ್ದಳು. ನನ್ನ ಉತ್ಸಾಹವೆಲ್ಲ ಜರ್ರನೆ ಇಳಿಯಿತು.

"ಬಂತಾ? ಒಳ್ಳೇದಾಯ್ತು," ಎಂದು ಬ್ಲೌಸನ್ನು ನನ್ನ ಕೈಗಿತ್ತಳು. "ಸುಕ್ಕು ಹಾಗೇ ಇಟ್ಟು ಕೊಡೋಕಾಗುತ್ತಾ? ಇಸ್ತ್ರಿ ಹಾಕಿ ಬೇಗ."

ಹಾಕಿದೆ. ಆ ಜಾಯಿಂಟು ದಾಟಿ ಬಂದ ಮೊದಲ ಬಿಸಿ ನನ್ನ ಕೈಯಲ್ಲೇ ಇತ್ತು. ಜನ್ಮದಲ್ಲಿ ಯಾರ ಬಟ್ಟೆಗೂ ನಾನು ಅಷ್ಟು ಖುಷಿಯಿಂದ ಇಸ್ತ್ರಿ ಹಾಕಿರಲಿಲ್ಲ.